ಝಳಕ್ಕೊಂದು, ಸೆಕೆಗೊಂದು: ಬಿಸಿಲಿನ ಓಟಕ್ಕೂ ಚಾರಣಕ್ಕೂ ಟೀ-ಶರ್ಟ್ ಆರಿಸುವ ಬಗೆ

ಹೋದ ಏಪ್ರಿಲ್‌ನಲ್ಲಿ ನಮ್ಮ ಅಣ್ಣನ ಮಗ ಕೆಲಸ ಸಿಕ್ಕಿ ಧಾರವಾಡದಿಂದ ಪುಣೆಗೆ ಬಂದ. ಆಫೀಸು ಹಿಂಜವಡಿಯಲ್ಲಿ, ಇರುವುದು ಕೋಥ್ರೂಡಿನ ನಮ್ಮ ಮನೆಯಲ್ಲಿ. ಬಂದು ಎರಡು ವಾರ ಆಗಿರಲಿಲ್ಲ, ಹೊಸ ಗೆಳೆಯರ ಜೊತೆ ಸೇರಿ ಭಾನುವಾರ ಹದಿನೈದು ಕಿಲೋಮೀಟರ್ ಓಡಿ ಬಂದ. ಸೀದಾ ಬಚ್ಚಲಿಗೆ ಹೋದವನು ಬಾಗಿಲು ಒಂದಿಷ್ಟೇ ತೆರೆದು, ದನಿ ತಗ್ಗಿಸಿ, "ಅತ್ತಿ, ಮನ್ಯಾಗ ವ್ಯಾಸಲೀನ್ ಐತೇನ?" ಅಂದ. ಯಾಕೋ ಅಂದರೆ ಹೇಳಲೊಲ್ಲ. ಬಟ್ಟೆ ಒಗೆಯಲು ಹಾಕುವಾಗ ನನಗೇ ಗೊತ್ತಾಯಿತು. ಬಿಳಿ ಹತ್ತಿ ಟೀ-ಶರ್ಟಿನ ಎದೆಯ ಮೇಲೆ ಎಡಕ್ಕೊಂದು ಬಲಕ್ಕೊಂದು ರಕ್ತದ ಕಲೆ, ಅಲ್ಲಿಂದ ಬೆವರಿನ ಜೊತೆ ಕೆಳಗಿಳಿದ ತಿಳಿಗೆಂಪು ಗೆರೆ. ಒದ್ದೆ ಹತ್ತಿ ಹದಿನೈದು ಕಿಲೋಮೀಟರ್ ಉದ್ದಕ್ಕೂ ಮೊಲೆತೊಟ್ಟನ್ನು ಉಜ್ಜುತ್ತಲೇ ಬಂದಿತ್ತು. ಓಡುವ ಗಂಡಸರಲ್ಲಿ ಇದು ಬಹಳ ಜನಕ್ಕೆ ಆಗುತ್ತದೆ, ಬಾಯಿಬಿಟ್ಟು ಹೇಳುವವರು ಕಡಿಮೆ.

ಅವತ್ತು ಸಂಜೆ ಅಡಿಗೆಮನೆಯ ತಕ್ಕಡಿ ತೆಗೆದೆ. ಒಗೆದು ಒಣಗಿಸಿದ ಅವನ ಹತ್ತಿ ಟೀ-ಶರ್ಟು 190 ಗ್ರಾಂ ತೂಗಿತು, ನಾನು ಓಡಲು ಹಾಕುವ ಪಾಲಿಯೆಸ್ಟರ್ ಟೀ-ಶರ್ಟು 115. ಎರಡನ್ನೂ ಬಕೆಟ್ಟಿನಲ್ಲಿ ಅದ್ದಿ ಅವನೇ ಒಂದೇ ಸಮ ಹಿಂಡಿದ. ಹತ್ತಿಯದು 360 ಆಯಿತು, ಪಾಲಿಯೆಸ್ಟರಿನದು 180. ಮರುದಿನ ಮುಂಜಾನೆ ಮತ್ತೆ ಅದ್ದಿ, ಹಿಂಡಿ, ಬಾಲ್ಕನಿಯ ತಂತಿಗೆ ಹಾಕಿದೆವು. ಅರ್ಧ ತಾಸಿಗೆ ನನ್ನದು ಒಣಗಿತ್ತು. ಎರಡು ತಾಸಾದರೂ ಅವನದರ ಕೊರಳಪಟ್ಟಿ, ಕಂಕುಳ ಹೊಲಿಗೆ ಮುಟ್ಟಿದರೆ ತಣ್ಣಗೆ ಇದ್ದವು.

"ಹಂಗಾದ್ರ ಪಾಲಿಯೆಸ್ಟರ್ ತೊಗೊಂಡ್ರ ಮುಗೀತಲ್ಲ ಅತ್ತಿ" ಅಂದ.

ಅಷ್ಟಕ್ಕೇ ಮುಗಿಯುವುದಿಲ್ಲ. ಪುಣೆಗೆ ಬಂದ ಮೇಲೆ ಟೇಕಡಿ (ಇಲ್ಲಿಯವರು ಗುಡ್ಡಕ್ಕೆ ಅನ್ನುವ ಮಾತು) ಹತ್ತುವುದು, ಓಡುವುದು ಕಲಿತವಳು ನಾನು. ತಪ್ಪು ಟೀ-ಶರ್ಟುಗಳಿಗೆ ಸಾಕಷ್ಟು ದುಡ್ಡು ಸುರಿದ ಮೇಲೆ ಗೊತ್ತಾದದ್ದನ್ನು ಅವನಿಗೆ ಹೇಳಿದ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ.

ಮೊದಲು ನಿಮ್ಮ ಊರಿನ ಗಾಳಿ ನೋಡಿ

ನಮ್ಮ ಕಡೆ ಝಳ ಅನ್ನುತ್ತೇವೆ, ಕರಾವಳಿಯವರು ಸೆಕೆ ಅನ್ನುತ್ತಾರೆ. ಝಳ ಅಂದರೆ ಒಣಬಿಸಿ, ಸೆಕೆ ಅಂದರೆ ತೇವ ತುಂಬಿದ ಬಿಸಿ. ಎರಡೂ ಬೇಸಿಗೆಯ ಮಾತೇ ಆದರೂ ಮೈಗೆ ಅವು ಬೇರೆ ಬೇರೆ ಕಷ್ಟ. ಟೀ-ಶರ್ಟ್ ಆರಿಸುವವರು ಮೊದಲು ಕೇಳಿಕೊಳ್ಳಬೇಕಾದ್ದು ಇದನ್ನೇ: ನಾನು ಓಡುವುದು ಝಳದಲ್ಲೋ ಸೆಕೆಯಲ್ಲೋ?

ಬೆವರು ಬಂದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ, ಅದು ಆರಬೇಕು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಅದೇ ಬೆವರು ಗಲ್ಲದಿಂದ, ಮೊಣಕೈಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಮೈಯಿಂದ ನೀರು ಹೋಯಿತು, ಉಪ್ಪು ಹೋಯಿತು, ತಂಪು ಮಾತ್ರ ಸಿಗಲಿಲ್ಲ. ಬಿಸಿಲಲ್ಲಿ ಜೋರಾಗಿ ಓಡುವವರಿಗೆ ತಾಸಿಗೆ ಒಂದು ಲೀಟರ್ ಬೆವರು ಹೋಗುವುದು ದೊಡ್ಡ ಮಾತಲ್ಲ. ಅದರಲ್ಲಿ ಎಷ್ಟು ಆರುತ್ತದೆ, ಎಷ್ಟು ಸೋರಿಹೋಗುತ್ತದೆ ಅನ್ನುವುದನ್ನು ಗಾಳಿಯಲ್ಲಿ ಆಗಲೇ ಇರುವ ತೇವ ತೀರ್ಮಾನಿಸುತ್ತದೆ.

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಒಳಮಗ್ಗುಲಲ್ಲಿದೆ. ಏಪ್ರಿಲ್ ತಿಂಗಳಲ್ಲಿ ಪಾರಾ 38, 39 ಡಿಗ್ರಿ ಮುಟ್ಟುತ್ತದೆ, ಆದರೆ ಮಧ್ಯಾಹ್ನದ ಗಾಳಿ ಒಣ ಒಣ. ತಂತಿಗೆ ಹಾಕಿದ ಸೀರೆ ನೋಡನೋಡುತ್ತ ಒಣಗುತ್ತದೆ. ಮುಂಬಯಿಯ ಮಾಟುಂಗದಲ್ಲಿ ನನ್ನ ತಂಗಿಯ ಮನೆಯಿದೆ. ಅಲ್ಲಿ ಮೇ ತಿಂಗಳಲ್ಲಿ ಪಾರಾ 33, 34ರ ಮೇಲೆ ಹೋಗುವುದೇ ಅಪರೂಪ, ಆದರೂ ಮುಂಜಾನೆ ಒಗೆದ ಬಟ್ಟೆಯ ಅಂಚು ಸಂಜೆಗೂ ಹಸಿ. ಟೀ-ಶರ್ಟು ಮೈಮೇಲಿದ್ದರೂ ಅಷ್ಟೇ, ತಂತಿಯ ಮೇಲಿದ್ದರೂ ಅಷ್ಟೇ. ನಿಮ್ಮ ಮನೆಯ ತಂತಿ ಹೇಳುವುದನ್ನು ಕೇಳಿ. ಯಾವ ಜಾಹೀರಾತೂ ಅಷ್ಟು ಸರಿಯಾಗಿ ಹೇಳುವುದಿಲ್ಲ.

ಝಳದ ಊರಲ್ಲಿ ಬೆವರು ತಾನಾಗಿ ಆರುತ್ತದೆ. ಎಷ್ಟೋ ಸಲ ಬೆವರಿದ್ದೇ ತಿಳಿಯುವುದಿಲ್ಲ, ಇಳಿದು ಬಂದ ಮೇಲೆ ಟೀ-ಶರ್ಟಿನ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಕಂಡಾಗಲೇ ಗೊತ್ತಾಗುವುದು. ಇಲ್ಲಿ ನಿಮ್ಮ ವೈರಿ ಸೂರ್ಯ. ಸಹ್ಯಾದ್ರಿಯ ಏರುಗಳಲ್ಲಿ ಬೇಸಿಗೆಗೆ ಎಲೆ ಇರುವುದಿಲ್ಲ, ಕಾಲಡಿಯ ಕರಿಗಲ್ಲು ಮೇಲಕ್ಕೂ ಶಾಖ ಉಗುಳುತ್ತದೆ. ಆದ್ದರಿಂದ ಟೀ-ಶರ್ಟಿನ ಮೊದಲ ಕೆಲಸ ನೆರಳಾಗುವುದು: ತುಂಬುತೋಳು, ಕೊರಳು ಮುಚ್ಚುವ ಕಾಲರ್, ತುಸು ಸಡಿಲ, ತೀರಾ ಜಾಳಲ್ಲದ ಬಟ್ಟೆ.

ಸೆಕೆಯ ಊರಲ್ಲಿ ಲೆಕ್ಕ ಬೇರೆ. ಮುಂಬಯಿಯ ಮರೀನ್ ಡ್ರೈವ್ ಆಗಲಿ, ಬೋರಿವಲಿಯಿಂದ ಕಾನ್ಹೇರಿ ಗುಹೆಗಳ ಕಡೆಗೆ ಹೋಗುವ ಕಾಡುದಾರಿಯಾಗಲಿ, ಗೋವೆಯ ಕಡಲತೀರವಾಗಲಿ, ಗಾಳಿ ಆಗಲೇ ನೀರು ಕುಡಿದು ಕೂತಿರುತ್ತದೆ. ಅಲ್ಲಿ ಮೈಮೇಲೆ ಬಟ್ಟೆ ಎಷ್ಟು ಕಡಿಮೆ, ಎಷ್ಟು ತೆಳು, ಎಷ್ಟು ಗಾಳಿಯಾಡುತ್ತದೆ ಅನ್ನುವುದೇ ಮುಖ್ಯ. ತೋಳಿಲ್ಲದ್ದು, ಬೆನ್ನಿಗೆ ಜಾಲರಿ ಇರುವುದು, ಹಿಂಡಿದರೆ ಮುಷ್ಟಿಯೊಳಗೆ ಅಡಗುವಂಥದ್ದು ಬೇಕು. ಬಿಸಿಲೇರುವ ಮೊದಲೇ ಓಡಿ ಮುಗಿಸುವುದಾದರೆ ತುಂಬುತೋಳಿನ ಪ್ರಶ್ನೆಯೇ ಇಲ್ಲ. ಪುಣೆಯವರೂ ಇದನ್ನು ನೆನಪಿಡಿ: ಜೂನ್ ಮೊದಲ ವಾರ, ಮಳೆ ಇನ್ನೇನು ಬೀಳಬೇಕು ಅನ್ನುವಾಗ, ನಮ್ಮೂರೂ ಮುಂಬಯಿಯಾಗುತ್ತದೆ. ಏಪ್ರಿಲ್‌ನಲ್ಲಿ ಸುಖ ಕೊಟ್ಟ ಟೀ-ಶರ್ಟು ಆ ಹೊತ್ತಿಗೆ ಉಸಿರುಗಟ್ಟಿಸುತ್ತದೆ.

ಹತ್ತಿಯ ಮೇಲೆ ಸಿಟ್ಟು ಬೇಡ

ಗುಡ್ಡ ಹತ್ತುವವರ ನಡುವೆ ಹತ್ತಿ ಅಂದರೆ ಪಾಪ ಅನ್ನುವಂತಾಗಿದೆ. ಆ ಮಾತು ಚಳಿಯ ದೇಶಗಳಿಂದ ಬಂದದ್ದು. ಒದ್ದೆ ಹತ್ತಿ ಮೈಯ ಕಾವನ್ನು ಎಳೆದುಕೊಂಡು ಹೋಗುತ್ತದೆ, ಹಿಮದ ಬೆಟ್ಟದಲ್ಲಿ ಅದು ಜೀವಕ್ಕೆ ಕುತ್ತು. ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಕಾವು ಎಳೆದುಕೊಂಡು ಹೋಗುವ ಬಟ್ಟೆ ಬೇಕಾದದ್ದೇ ಅಲ್ಲವೇ? ಬಯಲುಸೀಮೆಯ ರೈತರು ತೆಳು ಹತ್ತಿಯ ಸಡಿಲ ಅಂಗಿಯಲ್ಲೇ ಬಿಸಿಲು ಕಳೆದವರು. ನಿಧಾನ ನಡೆಯುವವರು, ಹೆಗಲಿಗೆ ಭಾರವಿಲ್ಲದವರು, ಹಗಲೇ ಇಳಿದು ಬರುವವರು ತೆಳು ಹತ್ತಿ ಅಂಗಿ ಹಾಕಿಕೊಂಡು ಒಣಬಿಸಿಲಲ್ಲಿ ಟೇಕಡಿ ಹತ್ತಿದರೆ ಏನೂ ತಪ್ಪಿಲ್ಲ.

ತಪ್ಪಾಗುವುದು ಓಟದಲ್ಲಿ, ಚೀಲದ ಪಟ್ಟಿಯ ಕೆಳಗೆ, ಮತ್ತು ರಾತ್ರಿಯಲ್ಲಿ. ಓಡುವಾಗ ಪ್ರತಿ ಹೆಜ್ಜೆಗೂ ಬಟ್ಟೆ ಮೇಲೆ ಕೆಳಗೆ ಆಡುತ್ತದೆ, ಒದ್ದೆ ಹತ್ತಿ ಉಜ್ಜುಕಾಗದದಂತೆ ಚರ್ಮ ಕೀಳುತ್ತದೆ. ಚೀಲದ ಪಟ್ಟಿಯ ಕೆಳಗೆ ಅದು ಮುದ್ದೆಯಾಗಿ ಮಡಿಕೆ ಬೀಳುತ್ತದೆ. ಇನ್ನು ಕಾತ್ರಜ್‌ನಿಂದ ಸಿಂಹಗಡ ಕೋಟೆಯವರೆಗೆ ಪುಣೆಯ ಹತ್ತಿರದ ಗುಡ್ಡದ ಸಾಲಿನ ಮೇಲೆ ರಾತ್ರಿಯಿಡೀ ನಡೆಯುತ್ತಾರಲ್ಲ, ಅಲ್ಲಿ ಏರಿನಲ್ಲಿ ತೊಯ್ದ ಹತ್ತಿ ನೆತ್ತಿಯ ಗಾಳಿಗೆ ಸಿಕ್ಕರೆ ಬೇಸಿಗೆಯಲ್ಲೂ ಹಲ್ಲು ಕಟಕಟ ಅನ್ನುತ್ತದೆ. ಆ ದಾರಿಗೆ ಬೇಗ ಒಣಗುವ ಟೀ-ಶರ್ಟೇ ಬೇಕು, ಚೀಲದಲ್ಲಿ ಇನ್ನೊಂದು ಒಣ ಟೀ-ಶರ್ಟೂ ಇರಬೇಕು.

ಆಮೇಲೆ ನೂಲು

ಪಾಲಿಯೆಸ್ಟರ್ ನೂಲು ತನ್ನ ತೂಕದ ಶೇ. 0.4ರಷ್ಟು ಮಾತ್ರ ತೇವ ಹಿಡಿಯುತ್ತದೆ. ನೈಲಾನ್ ಸುಮಾರು ಶೇ. 4, ಹತ್ತಿ ಸುಮಾರು ಶೇ. 8, ಉಣ್ಣೆ ಶೇ. 16ರ ಆಸುಪಾಸು. ಇದು ಸಾಮಾನ್ಯ ಹವೆಯಲ್ಲಿ ನೂಲಿನೊಳಗೇ ಇರುವ ತೇವದ ಲೆಕ್ಕ.

ಹಾಗಾದರೆ ನೀರೇ ಕುಡಿಯದ ಪಾಲಿಯೆಸ್ಟರ್ ಬೆವರನ್ನು ಹೇಗೆ ಎಳೆಯುತ್ತದೆ? ದೀಪದ ಬತ್ತಿ ನೆನಪಿಸಿಕೊಳ್ಳಿ. ಎಣ್ಣೆ ಮೇಲೇರುವುದು ಎಳೆ ಎಳೆಗಳ ನಡುವಿನ ಸಂದಿಯಲ್ಲಿ. ಒಳ್ಳೆಯ ಕ್ರೀಡಾ ಬಟ್ಟೆಯಲ್ಲಿ ಎಳೆಗಳು ಬಹಳ ಸಣ್ಣ, ಕೆಲವಕ್ಕೆ ಉದ್ದಕ್ಕೂ ಕಾಲುವೆಯಂಥ ಗೀರು ಇರುತ್ತದೆ. ಬೆವರು ಆ ಸಂದಿಗಳಲ್ಲಿ ಹರಡಿ, ಕಂಕುಳಲ್ಲಿ ಒಂದು ರೂಪಾಯಿ ಅಗಲವಿದ್ದದ್ದು ಅಂಗೈ ಅಗಲವಾಗುತ್ತದೆ, ಹರಡಿದಷ್ಟೂ ಬೇಗ ಆರುತ್ತದೆ. ನೂಲು ಒರಟಾಗಿ ನೇಯ್ಗೆ ಬಿಗಿಯಾಗಿದ್ದರೆ ಅದೇ ಪಾಲಿಯೆಸ್ಟರ್ ಪ್ಲಾಸ್ಟಿಕ್ ಚೀಲದಂತೆ ವರ್ತಿಸುತ್ತದೆ. ಹಾಗಾಗಿ ಲೇಬಲ್ಲಿನ ಮೇಲೆ 100 ಪರ್ಸೆಂಟ್ ಪಾಲಿಯೆಸ್ಟರ್ ಎಂದಿದ್ದರೆ ಅರ್ಧ ವಿಷಯ ಮಾತ್ರ ತಿಳಿದ ಹಾಗೆ.

ನೈಲಾನ್ ಮೈಗೆ ಮೆತ್ತಗೆ, ಎಳೆದರೆ ಗಟ್ಟಿ, ಒಣಗಲು ತುಸು ತಡ, ಬೆಲೆ ಜಾಸ್ತಿ. ಮುಳ್ಳುಕಂಟಿಯ ದಾರಿಯಲ್ಲಿ ಹೋಗುವವರಿಗೆ ಒಳ್ಳೆಯದು. ಮೆರಿನೊ ಎಂಬ ಕುರಿಯ ನಯವಾದ ಉಣ್ಣೆ ಅಂದರೆ ನಮ್ಮ ಜನ ನಗುತ್ತಾರೆ, ಬಿಸಿಲಿಗೆ ಉಣ್ಣೆಯೇ ಎಂದು. 150 ಜಿಎಸ್‌ಎಂನ (ಅಂದರೆ ಚದರ ಮೀಟರಿಗೆ 150 ಗ್ರಾಂ ತೂಗುವ) ತೆಳು ಮೆರಿನೊ ಟೀ-ಶರ್ಟು ಕಂಬಳಿಯಲ್ಲ. ಮೂರು ದಿನ ಹಾಕಿದರೂ ನಾರುವುದಿಲ್ಲ, ಒದ್ದೆಯಾದರೂ ಅಂಟುವುದಿಲ್ಲ. ಆದರೆ ಬೆಲೆ ಕೈ ಸುಡುತ್ತದೆ, ಬಂಡೆಗೆ ತಾಗಿದರೆ ತೂತು ಬೀಳುತ್ತದೆ. ಒಗೆಯಲು ಅವಕಾಶವಿಲ್ಲದ ನಾಲ್ಕೈದು ದಿನಗಳ ಚಾರಣಕ್ಕೆ ಹೋಗುವವರು ಮಾತ್ರ ಯೋಚಿಸಲಿ. ಬಿದಿರಿನ ಟೀ-ಶರ್ಟು ಎಂದು ಮಾರುವುದು ಬಹುಮಟ್ಟಿಗೆ ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ವಿಸ್ಕೋಸ್ ಎಂಬ ನೂಲು. ಮಲಗಲು ಬಹಳ ಸುಖ, ಓಡಲು ಬೇಡ. ಅದು ಹತ್ತಿಗಿಂತ ಹೆಚ್ಚು ತೇವ ಹಿಡಿಯುತ್ತದೆ.

ಬೀದಿಯಲ್ಲಿ ಕೇಳಿಬರುವ ಎರಡು ಹೆಸರುಗಳ ಬಗ್ಗೆ ಹೇಳಲೇಬೇಕು. ಡ್ರೈ-ಫಿಟ್ ಎನ್ನುವುದು ನೈಕಿ ತನ್ನ ಬಟ್ಟೆಗೆ ಇಟ್ಟುಕೊಂಡ ಹೆಸರು. ಪುಣೆಯ ಪೇಟೆಗಳಲ್ಲಿ, ಕ್ಯಾಂಪಿನ ಫ್ಯಾಶನ್ ಸ್ಟ್ರೀಟಿನಲ್ಲಾಗಲಿ ತುಳಶಿಬಾಗಿನಲ್ಲಾಗಲಿ ನುಣುಪಾಗಿ ಜಾರುವ ಬಟ್ಟೆಗೆಲ್ಲ ಡ್ರೈ-ಫಿಟ್ ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಫೋರ್-ವೇ ಲೈಕ್ರಾ ಎಂದು ಕೊಡುವುದನ್ನು ಮಾತ್ರ ಬಿಸಿಲಿಗೆ ಕೊಳ್ಳಬೇಡಿ. ಎಳೆದರೆ ನಾಲ್ಕೂ ಕಡೆ ಹಿಗ್ಗುತ್ತದೆ, ಕೈಗೆ ರೇಷ್ಮೆಯಂತೆ ಅನ್ನಿಸುತ್ತದೆ, ಆದರೆ ಭಾರ, ದಟ್ಟ, ಗಾಳಿಯಾಡದು. ಜಿಮ್ಮಿನ ಎಸಿ ಕೋಣೆಯಲ್ಲಿ ಅದು ಚೆಂದ. ಲುಧಿಯಾನ, ತಿರುಪ್ಪೂರಿನ ಕಡೆಯಿಂದ ಬರುವ ಡಾಟ್ ನಿಟ್, ರೈಸ್ ನಿಟ್ ಎಂಬ ಸಣ್ಣ ಸಣ್ಣ ಕಣ್ಣಿನ ನೇಯ್ಗೆಗಳು ಹೆಸರಿಲ್ಲದ ಟೀ-ಶರ್ಟುಗಳಲ್ಲೂ ಸಿಗುತ್ತವೆ, ಅವುಗಳಲ್ಲಿ ಎಷ್ಟೋ ಚೆನ್ನಾಗಿರುತ್ತವೆ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂಗಳಲ್ಲಿ. ಸೆಕೆಯಲ್ಲಿ ಓಡಲು 100ರಿಂದ 130, ಝಳದಲ್ಲಿ ಚಾರಣಕ್ಕೆ 130ರಿಂದ 160 ಸಾಕು. 180 ದಾಟಿದ್ದನ್ನು ಚಳಿಗಾಲಕ್ಕೆ ಇಡಿ. ಲೇಬಲ್ಲಿನಲ್ಲಿ ಬರೆದಿಲ್ಲದಿದ್ದರೆ ಮನೆಯಲ್ಲಿ ಹಿಡಿಸಿದ ಟೀ-ಶರ್ಟೊಂದನ್ನು ಜೊತೆಗೆ ಒಯ್ದು ಎರಡೂ ಕೈಯಲ್ಲಿ ಒಂದೊಂದು ಹಿಡಿದು ನೋಡಿ. ಕೈಗೆ ವ್ಯತ್ಯಾಸ ತಿಳಿಯುತ್ತದೆ.

ಅಂಗಡಿಯಲ್ಲಿ ಐದು ನಿಮಿಷ

ನಾನು ಟೀ-ಶರ್ಟ್ ಕೊಳ್ಳಲು ಹೋದಾಗ ಕೈಯಲ್ಲಿ ನೀರಿನ ಬಾಟಲಿ ಇರುತ್ತದೆ. ಅಂಗಡಿಯವರನ್ನು ಕೇಳಿಯೇ, ಟೀ-ಶರ್ಟನ್ನು ಒಳಮಗ್ಗುಲು ತಿರುಗಿಸಿ, ಕೆಳ ಅಂಚಿನ ಹತ್ತಿರ ಬೆರಳ ತುದಿಯಿಂದ ಒಂದು ಹನಿ ಬಿಡುತ್ತೇನೆ. ಒಳ್ಳೆಯ ಬಟ್ಟೆಯಾದರೆ ಹನಿ ಒಂದೆರಡು ಸೆಕೆಂಡಿನಲ್ಲಿ ಚಪ್ಪಟೆಯಾಗಿ, ಅಂಚು ಮಸುಕಾಗಿ, ನಾಣ್ಯದಷ್ಟು ಹರಡುತ್ತದೆ. ಕೆಸುವಿನ ಎಲೆಯ ಮೇಲಿನ ಹನಿಯಂತೆ ದುಂಡಗೆ ಕೂತರೆ, ಆ ಟೀ-ಶರ್ಟಿನೊಳಗೆ ನಿಮ್ಮ ಬೆವರೂ ಹಾಗೇ ಕೂತಿರುತ್ತದೆ. ಕೆಲವು ಬಟ್ಟೆಗಳಲ್ಲಿ ಒಳಗೆ ನೀರು ಹಿಡಿಯದ ಪದರ, ಹೊರಗೆ ಹಿಡಿಯುವ ಪದರ ಇರುತ್ತದೆ. ಅಲ್ಲಿ ಹನಿ ಒಳಮಗ್ಗುಲಿಂದ ಮಾಯವಾಗಿ ಹೊರಮಗ್ಗುಲಲ್ಲಿ ಅಗಲವಾಗಿ ಕಾಣುತ್ತದೆ. ಅಂಥದ್ದು ಸಿಕ್ಕರೆ ಬಿಡಬೇಡಿ.

ಇನ್ನೊಂದು, ಬಟ್ಟೆಯನ್ನು ಬಾಯಿಗೆ ಹತ್ತಿರ ಹಿಡಿದು ಊದಿ, ಆಚೆ ಅಂಗೈ ಇಟ್ಟುಕೊಳ್ಳಿ. ಉಸಿರು ಅಂಗೈಗೆ ತಾಗಬೇಕು. ಆಮೇಲೆ ಬೆಳಕಿಗೆ ಹಿಡಿಯಿರಿ. ಓಡುವ ಟೀ-ಶರ್ಟಿನಲ್ಲಿ ಬೆಳಕಿನ ಚುಕ್ಕಿಗಳು ಕಂಡರೆ ಸಂತೋಷ. ಹಗಲಿನ ಚಾರಣದ್ದಾದರೆ ಹೆಗಲು ಮತ್ತು ಮೇಲ್ಬೆನ್ನಿನಲ್ಲಿ ಬೆಳಕು ತೂರಬಾರದು, ಕಂಕುಳು ಮತ್ತು ಪಕ್ಕೆಯಲ್ಲಿ ತೂರಿದರೆ ಚಿಂತೆಯಿಲ್ಲ.

ಎದೆಯ ಮೇಲೆ ರಬ್ಬರಿನಂಥ ದೊಡ್ಡ ಪ್ರಿಂಟ್ ಇರುವುದನ್ನು ತೆಗೆದಿಡಿ. ಆ ಪ್ರಿಂಟಿನ ಕೆಳಗೆ ಬೆವರು ಎಲ್ಲೂ ಹೋಗುವುದಿಲ್ಲ, ಒಂದು ಚೌಕದ ಪ್ಲಾಸ್ಟಿಕ್ ಅಂಟಿಸಿಕೊಂಡು ಓಡಿದಂತೆ. ಬಣ್ಣವೇ ನೂಲಿಗೆ ಇಳಿದ, ಬೆರಳಿಗೆ ತಾಗದ ಪ್ರಿಂಟ್ ಆದರೆ ತೊಂದರೆಯಿಲ್ಲ. ಮ್ಯಾರಥಾನುಗಳಲ್ಲಿ ಹಂಚುವ ಟೀ-ಶರ್ಟುಗಳಲ್ಲಿ ಪ್ರಾಯೋಜಕರ ಹೆಸರುಗಳೆಲ್ಲ ರಬ್ಬರಿನಲ್ಲೇ ಬೆನ್ನು ತುಂಬಿಕೊಂಡಿರುತ್ತವೆ. ಅದನ್ನು ಓಟದ ದಿನವೇ ಮೊದಲ ಸಲ ಹಾಕಿಕೊಳ್ಳುವ ತಪ್ಪನ್ನು ದಯವಿಟ್ಟು ಮಾಡಬೇಡಿ.

ಹೊಲಿಗೆಗೆ ಕಣ್ಣಿಗಿಂತ ಬೆರಳು ಮೇಲು. ಒಳಗಿನಿಂದ ಕಂಕುಳು, ಪಕ್ಕೆ, ಕೊರಳಿನ ಹಿಂಬದಿ ಸವರಿ ನೋಡಿ. ಎದ್ದು ನಿಂತ ಹೊಲಿಗೆ ಬೆರಳಿಗೆ ಹಗ್ಗದಂತೆ ತಾಗಿದರೆ, ಹತ್ತು ಕಿಲೋಮೀಟರಿನ ನಂತರ ಅದು ಚರ್ಮಕ್ಕೂ ಹಾಗೇ ತಾಗುತ್ತದೆ. ಚಪ್ಪಟೆ ಹೊಲಿಗೆ ಬೇಕು. ಕೊರಳಲ್ಲಿ ಲೇಬಲ್ ಹೊಲಿದಿರದೆ ಬಟ್ಟೆಯ ಮೇಲೆಯೇ ಮುದ್ರಿಸಿದ್ದರೆ ಇನ್ನೂ ವಾಸಿ. ಚೀಲ ಹೊರುವವರು ಹೆಗಲ ಹೊಲಿಗೆ ಎಲ್ಲಿ ಬರುತ್ತದೆ ನೋಡಿಕೊಳ್ಳಬೇಕು. ಮಾಮೂಲಿ ಟೀ-ಶರ್ಟಿನಲ್ಲಿ ಅದು ನಡುಹೆಗಲ ಮೇಲೆ, ಸರಿಯಾಗಿ ಪಟ್ಟಿಯ ಕೆಳಗೆ ಬರುತ್ತದೆ. ಕೊರಳಿನಿಂದ ಕಂಕುಳಿಗೆ ಓರೆಯಾಗಿ ಹೊಲಿಗೆ ಬರುವ ರಾಗ್ಲಾನ್ ತೋಳಿನಲ್ಲಿ ನಡುಹೆಗಲು ಖಾಲಿ ಇರುತ್ತದೆ.

ಹಾಕಿ ನೋಡುವಾಗ ಕನ್ನಡಿಯ ಮುಂದೆ ನೇರ ನಿಂತರೆ ಸಾಲದು. ಎರಡೂ ಕೈ ಮೇಲೆತ್ತಿ, ಹೊಟ್ಟೆ ಕಾಣಬಾರದು. ಬಂಡೆ ಹಿಡಿಯುವವರ ಹಾಗೆ ಒಂದು ಕೈ ಮುಂದೆ ಚಾಚಿ, ಬೆನ್ನು ಬಿಗಿಯಬಾರದು. ಓಟಕ್ಕಾದರೆ ಮೈಗೆ ಹತ್ತಿರ ಇರಲಿ, ಬಟ್ಟೆ ತಾಗಿದರೆ ತಾನೇ ಬತ್ತಿ ಎಣ್ಣೆ ಎಳೆಯುವುದು. ಹತ್ತಿರ ಅಂದರೆ ಬಿಗಿ ಅಲ್ಲ. ಝಳದ ಚಾರಣಕ್ಕಾದರೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ, ನಡೆಯುವಾಗ ಬಟ್ಟೆ ತಾನೇ ಬೀಸಣಿಗೆಯಾಗುತ್ತದೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ತಿಳಿಬಣ್ಣದ ತೆಳು ಬಟ್ಟೆ ಒದ್ದೆಯಾದರೆ ಪಾರದರ್ಶಕವಾಗುತ್ತದೆ, ಟ್ರಯಲ್ ರೂಮಿನಲ್ಲಿ ಇದು ಹೊಳೆಯುವುದಿಲ್ಲ. ಒಳಗಿನಿಂದ ಒದ್ದೆ ಬೆರಳು ಒತ್ತಿ ನೋಡಿ. ಅದಕ್ಕಿಂತ ದೊಡ್ಡದು, ಟೀ-ಶರ್ಟಿಗೆ ಸಾವಿರ ರೂಪಾಯಿ ಕೊಟ್ಟು ಒಳಗೆ ಹತ್ತಿಯ ಬ್ರಾ ತೊಟ್ಟರೆ ಸಾವಿರವೂ ನೀರಿಗೆ. ಚರ್ಮಕ್ಕೆ ತಾಗುವುದು ಅದೇ, ತೊಯ್ದು ಕೂರುವುದೂ ಅದೇ. ದುಡ್ಡು ಕಡಿಮೆಯಿದ್ದರೆ ಒಳ್ಳೆಯ ಸ್ಪೋರ್ಟ್ಸ್ ಬ್ರಾ ಮೊದಲು ಕೊಳ್ಳಿ, ಟೀ-ಶರ್ಟು ಆಮೇಲೆ. ಗಂಡಸರಿಗೂ ಇದೇ ಮಾತು. ಕ್ರೀಡಾ ಟೀ-ಶರ್ಟಿನ ಒಳಗೆ ಅಭ್ಯಾಸಬಲದಿಂದ ಹತ್ತಿ ಬನಿಯನ್ ಹಾಕುವವರು ಎಷ್ಟೋ ಜನ. ಬನಿಯನ್ ತೆಗೆದಿಡಿ.

ಬೆಲೆಯ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ. ಡೆಕಾತ್ಲಾನ್‌ನಂಥ ಅಂಗಡಿಗಳಲ್ಲಿ ಐನೂರರ ಆಸುಪಾಸಿಗೆ ಸಿಗುವ ಟೀ-ಶರ್ಟುಗಳು ಇಷ್ಟೂ ಪರೀಕ್ಷೆಗಳನ್ನು ಪಾಸಾಗಿವೆ, ಅದರ ಮೂರುಪಟ್ಟು ಕೊಟ್ಟು ತಂದದ್ದು ಫೇಲಾಗಿದೆ. ಉಣ್ಣೆ ಬಿಟ್ಟರೆ, ಸಾವಿರದ ಮೇಲೆ ಕೊಡುವುದು ಬಹುತೇಕ ಹೆಸರಿಗೆ.

ಬಣ್ಣ ಮತ್ತು ತೋಳು

ಮೇ ತಿಂಗಳಲ್ಲಿ ಅಣ್ಣನ ಮಗನನ್ನು ಸಿಂಹಗಡಕ್ಕೆ ಕರೆದುಕೊಂಡು ಹೋದೆ. ಆತ್ಕರವಾಡಿಯಿಂದ ಕಾಲುದಾರಿ, ಮೂರು ಕಿಲೋಮೀಟರಿನೊಳಗೆ ಸುಮಾರು 600 ಮೀಟರ್ ಏರು. ತುಂಬುತೋಳಿನ ಟೀ-ಶರ್ಟು ಕೊಟ್ಟಾಗ ಮುಖ ಹುಳ್ಳಗೆ ಮಾಡಿಕೊಂಡ. "ಇಂಥಾ ಬಿಸಲಾಗ ಫುಲ್ ತೋಳ ಹಾಕ್ಕೊಂಡ್ರ ಬೇಯೂದಿಲ್ಲೇನ ಅತ್ತಿ?" ಅವನ ಗೆಳೆಯ ತೋಳಿಲ್ಲದ ಕಪ್ಪು ಬನಿಯನ್ನಿನಲ್ಲಿ ಬಂದಿದ್ದ. ಹತ್ತುವಾಗ ಆರೂವರೆ, ಇಬ್ಬರಿಗೂ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಮೇಲೆ ಮಡಕೆಯ ಮೊಸರು ತಿಂದು, ಪಿಠಲ-ಭಾಕರಿ ತಿಂದು, ಹರಟಿ, ಇಳಿಯಲು ಶುರು ಮಾಡಿದಾಗ ಹತ್ತಾಗಿತ್ತು. ಅರ್ಧ ದಾರಿಗೆ ಗೆಳೆಯನ ಹೆಗಲು ಕೆಂಪೇರಿ, ಚೀಲದ ಪಟ್ಟಿ ತಾಗಿದರೆ ಉರಿ ಅನ್ನತೊಡಗಿದ. ನಮ್ಮ ಹುಡುಗ ಏನೂ ಹೇಳಲಿಲ್ಲ, ಮಡಚಿದ್ದ ತೋಳುಗಳನ್ನು ಮಾತ್ರ ಸದ್ದಿಲ್ಲದೆ ಮಣಿಕಟ್ಟಿನವರೆಗೆ ಇಳಿಸಿಕೊಂಡ.

ಲೇಬಲ್ಲಿನ ಮೇಲೆ ಯುಪಿಎಫ್ 50 ಎಂದಿದ್ದರೆ ಅತಿನೇರಳೆ ಕಿರಣದ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ ಎಂದರ್ಥ. ಮಾಮೂಲಿ ತೆಳು ಬಿಳಿ ಹತ್ತಿ ಟೀ-ಶರ್ಟು ಇದರ ಹತ್ತಿರಕ್ಕೂ ಬರುವುದಿಲ್ಲ, ಒದ್ದೆಯಾದರೆ ಇನ್ನೂ ಕಡಿಮೆ. ದಟ್ಟ ನೇಯ್ಗೆ, ಗಾಢ ಬಣ್ಣ ಕಿರಣವನ್ನು ಚೆನ್ನಾಗಿ ತಡೆಯುತ್ತವೆ. ಆದರೆ ಗಾಢ ಬಣ್ಣ ಬಿಸಿಲಿನ ಕಾವನ್ನೂ ಕುಡಿಯುತ್ತದೆ. ಹಾಗಾಗಿ ನಾನು ನಡುಬಣ್ಣಗಳನ್ನು ಆರಿಸುತ್ತೇನೆ: ಆಕಾಶನೀಲಿ, ಕಿತ್ತಳೆ, ತಿಳಿಹಸಿರು. ಕಿತ್ತಳೆಗೆ ಇನ್ನೊಂದು ಗುಣ, ಒಣಹುಲ್ಲಿನ ಗುಡ್ಡದಲ್ಲಿ ದಾರಿ ತಪ್ಪಿದರೆ ದೂರಕ್ಕೆ ಕಾಣುತ್ತದೆ, ನಸುಕಿನ ರಸ್ತೆಯಲ್ಲಿ ಗಾಡಿಯವರಿಗೂ ಕಾಣುತ್ತದೆ. ಹಗಲಿಗೆ ಕಪ್ಪು ಬೇಡ. ಬೂದುಬಣ್ಣದಲ್ಲಿ ಬೆವರಿನ ಕಲೆ ಎದ್ದು ಕಾಣುತ್ತದೆ, ಅದಕ್ಕೆ ಸಂಕೋಚಪಡುವವರು ಬಿಡಿ.

ಜಾಲರಿ ಬಟ್ಟೆ ಹಾಕಿಕೊಂಡು ಕಾರ್ವಿ ಪೊದೆಗಳ ನಡುವೆ, ಲಂಟಾನ ಮೆಳೆಗಳ ನಡುವೆ ನುಗ್ಗಬೇಡಿ. ಒಂದೇ ಮುಳ್ಳಿಗೆ ಒಂದು ಎಳೆ ಎದ್ದು, ಎರಡು ಚಾರಣದಲ್ಲಿ ತೋಳು ಹರಕಲು. ಒಲೆಯ ಕಿಡಿಗೂ ದೂರ ಇರಿ. ಪಾಲಿಯೆಸ್ಟರ್ 260 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಕರಗಿದ್ದು ಚರ್ಮಕ್ಕೆ ಅಂಟುತ್ತದೆ. ಡೇರೆಯ ಹತ್ತಿರ ಅಡಿಗೆ ಮಾಡುವವರು ಮೇಲೊಂದು ಹತ್ತಿ ಅಂಗಿ ಹಾಕಿಕೊಳ್ಳಲಿ.

ಎಷ್ಟೇ ಒಳ್ಳೆಯ ಟೀ-ಶರ್ಟಾದರೂ ಬಿಸಿಲಿನ ಹೊಡೆತವನ್ನು ತಡೆಯುವ ಕವಚ ಅಲ್ಲ. ಬಿಸಿಲಲ್ಲಿ ತಲೆನೋವು, ತಲೆಸುತ್ತು, ಮೈ ಜುಮ್ಮೆಂದು ಚಳಿಯಾದಂತೆ ಅನಿಸಿದರೆ ಅಲ್ಲೇ ನಿಂತು ನೆರಳು ಹುಡುಕಿ. ಜೊತೆಗಾರರ ಮಾತು ತೊದಲಿದರೆ, ಕಾಲು ತಡವರಿಸಿದರೆ, ಇನ್ನೂ ಬೆವರುತ್ತಿದ್ದಾರಲ್ಲ ಎಂದು ಸಮಾಧಾನಪಡಬೇಡಿ. ಓಡುವವರಿಗೆ ಬರುವ ಬಿಸಿಲಾಘಾತದಲ್ಲಿ ಬೆವರು ಇರಬಹುದು. ಇರುವ ನೀರನ್ನೆಲ್ಲ ಮೈಮೇಲೆ ಸುರಿದು, ಗಾಳಿ ಬೀಸಿ, ಕೂಡಲೇ ಆಸ್ಪತ್ರೆಗೆ ಸಾಗಿಸುವ ದಾರಿ ನೋಡಿ.

ಮನೆಗೆ ತಂದ ಮೇಲೆ

ಹೊಸ ಟೀ-ಶರ್ಟನ್ನು ಒಮ್ಮೆ ಒಗೆದು, ಮನೆಯ ಹತ್ತಿರವೇ ಐದು ಕಿಲೋಮೀಟರ್ ಓಡಿ ನೋಡಿ. ಪುಣೆಯಲ್ಲಾದರೆ ಪಾಷಾಣ, ವೇತಾಳ ಟೇಕಡಿ, ತಳಜಾಯಿ, ಎಲ್ಲಾದರೂ ಸರಿ. ಬಂದು ಸ್ನಾನ ಮಾಡುವಾಗ ಎಲ್ಲಿ ನೀರು ತಾಗಿ ಉರಿಯುತ್ತದೆ ಗಮನಿಸಿ, ಅಲ್ಲಿ ಉಜ್ಜಿದೆ. ಕಂಕುಳು, ಒಳತೋಳು, ಬ್ರಾದ ಅಂಚು, ಮೊಲೆತೊಟ್ಟು. ಮುಂದಿನ ಸಲ ಆ ಜಾಗಕ್ಕೆ ಮೊದಲೇ ವ್ಯಾಸಲೀನ್ ಹಚ್ಚಿ, ಇಲ್ಲವೇ ಔಷಧಿ ಅಂಗಡಿಯ ಪೇಪರ್ ಟೇಪಿನ ಸಣ್ಣ ತುಂಡು ಅಂಟಿಸಿ. ಚರ್ಮ ಒಣಗಿರುವಾಗ ಅಂಟಿಸಬೇಕು, ಬೆವರಿದ ಮೇಲೆ ಹಿಡಿಯುವುದಿಲ್ಲ. ನಮ್ಮ ಹುಡುಗನಿಗೆ ಟೀ-ಶರ್ಟ್ ಬದಲಾಯಿಸಿದ್ದಕ್ಕಿಂತ ಬೇಗ ಫಲ ಕೊಟ್ಟದ್ದು ಈ ಟೇಪು.

ಒಗೆಯುವ ವಿಷಯಕ್ಕೆ ಬಂದರೆ, ಒಳ್ಳೆಯ ಟೀ-ಶರ್ಟುಗಳು ಹಾಳಾಗುವುದು ಗುಡ್ಡದಲ್ಲಲ್ಲ, ವಾಷಿಂಗ್ ಮಷೀನಿನಲ್ಲಿ. ನನ್ನ ನೆಚ್ಚಿನ ನೀಲಿ ಟೀ-ಶರ್ಟು ಒಮ್ಮೆ ಇದ್ದಕ್ಕಿದ್ದಂತೆ ಮೈಗೆ ಅಂಟತೊಡಗಿತು. ಹನಿ ಬಿಟ್ಟು ನೋಡಿದರೆ ದುಂಡಗೆ ಕೂತಿತು. ಮನೆಯಲ್ಲಿ ಸುವಾಸನೆ ಬರಲೆಂದು ಫ್ಯಾಬ್ರಿಕ್ ಕಂಡೀಷನರ್ ಹಾಕಲು ಶುರು ಮಾಡಿದ್ದರು. ಅದು ಎಳೆಗಳ ಮೇಲೆ ಜಿಡ್ಡಿನ ಪದರ ಬಿಡುತ್ತದೆ, ಬತ್ತಿಯ ಸಂದಿಗಳೆಲ್ಲ ಮುಚ್ಚಿಹೋಗುತ್ತವೆ. ಬೆಚ್ಚಗಿನ ನೀರಿನಲ್ಲಿ ನಾಲ್ಕೈದು ಸಲ ಒಗೆದ ಮೇಲೆ ಸರಿಹೋಯಿತು. ಕ್ರೀಡಾ ಬಟ್ಟೆಗೆ ಕಂಡೀಷನರ್ ಬೇಡ, ಸೋಪಿನ ಪುಡಿಯೂ ಅರ್ಧ ಸಾಕು. ಪುಡಿ ಹೆಚ್ಚಾದರೆ ಪೂರ್ತಿ ತೊಳೆದುಹೋಗದೆ ಅಲ್ಲೇ ಉಳಿಯುತ್ತದೆ, ಟ್ಯಾಂಕರಿನ ಗಡಸುನೀರು ಬರುವ ಬಡಾವಣೆಗಳಲ್ಲಿ ಇದು ಇನ್ನೂ ಜಾಸ್ತಿ.

ಪಾಲಿಯೆಸ್ಟರ್ ನಾರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೈಯ ಎಣ್ಣೆ ಅದಕ್ಕೆ ಅಂಟಿಕೊಳ್ಳುತ್ತದೆ, ಆ ಎಣ್ಣೆಯ ಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬೆವರಿದ ಟೀ-ಶರ್ಟನ್ನು ಚೀಲದಲ್ಲೋ ಗಾಡಿಯ ಡಿಕ್ಕಿಯಲ್ಲೋ ಸಂಜೆಯವರೆಗೆ ಬಿಟ್ಟರೆ ವಾಸನೆ ಬೇರುಬಿಡುತ್ತದೆ. ಸ್ನಾನಕ್ಕೆ ಹೋಗುವಾಗಲೇ ಜೊತೆಗೆ ಒಯ್ದು, ಒಳಮಗ್ಗುಲು ತಿರುಗಿಸಿ, ಬರೀ ನೀರಿನಲ್ಲಿ ಜಾಲಿಸಿ ಹಾಕಿದರೆ ಅರ್ಧ ಕೆಲಸ ಮುಗಿಯಿತು. ವಾಸನೆ ಆಗಲೇ ಕೂತಿದ್ದರೆ ಒಂದು ಪಾಲು ಬಿಳಿ ವಿನೆಗರ್, ನಾಲ್ಕು ಪಾಲು ನೀರು, ಅರ್ಧ ತಾಸು ನೆನೆಸಿ, ಆಮೇಲೆ ಎಂದಿನಂತೆ ಒಗೆಯಿರಿ. ವಿನೆಗರ್ ಜೊತೆ ಬ್ಲೀಚ್ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಇಸ್ತ್ರಿ ಬೇಡ, ನೆರಳಲ್ಲಿ ಒಣಗಿಸಿ.

ವಾರಕ್ಕೆ ಮೂರು ಸಲ ಓಡುವವರಿಗೆ ಎರಡು ಟೀ-ಶರ್ಟು ಸಾಕು, ತಿಂಗಳಿಗೊಮ್ಮೆ ಗುಡ್ಡಕ್ಕೆ ಹೋಗುವುದಾದರೆ ತುಂಬುತೋಳಿನದೊಂದು. ಚೆನ್ನಾಗಿ ಒಗೆದ ಮೇಲೂ ಹನಿ ದುಂಡಗೆ ಕೂತರೆ, ಹಾಕಿಕೊಂಡ ಹತ್ತು ನಿಮಿಷಕ್ಕೆ ಹಳೆಯ ವಾಸನೆ ಎದ್ದರೆ, ಹೆಗಲ ಮೇಲೆ ಎಳೆ ಎಳೆ ಎದ್ದು ಬಟ್ಟೆ ಜಾಳಾದರೆ ಅದರ ಕಾಲ ಮುಗಿಯಿತು. ಅಂಥದ್ದನ್ನು ಒರೆಸುವ ಅರಿವೆ ಮಾಡಲು ಹೋಗಬೇಡಿ, ಪಾಲಿಯೆಸ್ಟರಿಗೆ ನೀರು ಹೀರಲು ಬರುವುದಿಲ್ಲ. ತೋಳು ಕತ್ತರಿಸಿ, ಕೆಳ ಅಂಚು ಹೊಲಿದು, ಕೆಸರಾದ ಬೂಟು ಹಾಕಿಕೊಳ್ಳುವ ಚೀಲ ಮಾಡಿಟ್ಟುಕೊಳ್ಳಿ. ಜೂನ್ ಮುಗಿಯುವುದರೊಳಗೆ ಬೇಕಾಗುತ್ತದೆ.